ಮೂರು ಗುರುತಿನ ಹೊಲ

ಗಿಡಕ್ಕೆ ತನ್ನವರು ಯಾರು ಎಂಬುದೇ ಮರೆತುಹೋದರೆ ಏನಾಗುತ್ತದೆ? ಈ ಪ್ರಶ್ನೆಯನ್ನು ಮೊದಲು ಕೇಳಿದವರು ಡಾ. ವಾಮನರಾವ್ ಇನಾಮದಾರ. ಕೇಳಿ ಸುಮ್ಮನಾಗುವ ಮನುಷ್ಯರಲ್ಲ ಅವರು. ಏಳು ವರ್ಷ ಕೂತು ಗಿಡಕ್ಕೆ ಮರೆವು ತರಿಸುವ ದ್ರಾವಣವನ್ನೇ ಮಾಡಿಟ್ಟರು. ಕಾಗದಪತ್ರಗಳಲ್ಲಿ ಅದಕ್ಕೆ ಮಾರುದ್ದದ ಹೆಸರಿತ್ತು. ಕೆಲಸದವರ ಬಾಯಲ್ಲಿ ಅದು ಬರೀ 'ಮರೆವಿನ ಮಂಜು'. ನಲವತ್ತೆರಡು ಹಳ್ಳಿಗಳ ಗುರೆಳ್ಳಿನ ಹೊಲಗಳ ಮೇಲೆ ಆ ಮಂಜು ಸುರಿಯಲು ಗುರುವಾರ ಬೆಳಿಗ್ಗೆ ಎಂಟಕ್ಕೆ ಇನ್ನೂರು ಡ್ರೋನ್‌ಗಳು ಏಳಬೇಕು ಎಂದು ಸೋಮವಾರದ ಸಭೆಯಲ್ಲಿ ತೀರ್ಮಾನವಾಯಿತು.

ಆ ಸಭೆಯಲ್ಲಿ ದಾನಮ್ಮ ಕಟ್ಟಿಮನಿ ಕೊನೆಯ ಕುರ್ಚಿ ಹಿಡಿದು ಕೂತಿದ್ದಳು. ಹೊನ್ನಕೇರಿಯ ಎಣ್ಣೆಕಾಳು ಕೇಂದ್ರದಲ್ಲಿ ಅವಳದು ಹದಿನಾರನೇ ವರ್ಷ, ಬೀಜ ವಿಭಾಗದ ಮುಖ್ಯಸ್ಥೆ. ನಿಯಂತ್ರಣ ಕೊಠಡಿಯ ಗೋಡೆಯಷ್ಟಗಲದ ಪರದೆಯ ಮೇಲೆ ಸಾವಿರದ ಇನ್ನೂರು ಜೇನುಪೆಟ್ಟಿಗೆಗಳ ತೂಕ ಗಳಿಗೆಗೊಮ್ಮೆ ಏರುತ್ತಿತ್ತು. ಹುಳುಗಳಿಗೆ ಇಂಥ ಸುಗ್ಗಿ ಹಿಂದೆ ಆಗಿರಲಿಲ್ಲ. ಹೊಲಗಳೆಲ್ಲ ಅರಿಸಿನ ಚೆಲ್ಲಿದಂತೆ ಹೂ ಬಿಟ್ಟಿದ್ದವು, ಬಿಸಿಲು ಹದವಾಗಿತ್ತು, ಮಳೆಯೂ ಬೇಕಾದಷ್ಟು ಬಂದಿತ್ತು. ಆದರೆ ಮೊದಲು ಅರಳಿ ಒಣಗಿದ ಹೂವನ್ನು ಅಂಗೈಯಲ್ಲಿ ತಿಕ್ಕಿ ನೋಡಿದರೆ ಬರೀ ಜೊಳ್ಳು. ಕಪ್ಪಗೆ ಮಿರುಗುವ ಕಾಳು ಇರಬೇಕಾದಲ್ಲಿ ಊದಿದರೆ ಹಾರಿಹೋಗುವ ಹೊಟ್ಟು.

ಗುರೆಳ್ಳು ಬಲು ಮಡಿವಂತ ಗಿಡ. ಪ್ರತಿ ಗಿಡವೂ ತಾಯಿಯಿಂದೊಂದು, ತಂದೆಯಿಂದೊಂದು, ಹೀಗೆ ಎರಡು ಗುರುತು ಹೊತ್ತಿರುತ್ತದೆ. ಅದರ ಪರಾಗದ ಮೈಮೇಲೂ ಅವೇ ಗುರುತು. ಪರಾಗ ಬಂದು ಕೂತಾಗ ಹೂವಿನ ಹೆಣ್ಣುತುದಿ ತಡವಿ ನೋಡುತ್ತದೆ. ಒಂದು ಗುರುತು ತನ್ನದಕ್ಕೆ ಕೂಡಿದರೂ ಸಾಕು, ಬಾಗಿಲು ಹಾಕಿಕೊಳ್ಳುತ್ತದೆ. ತನ್ನ ಪರಾಗ ತನಗೆ ಬೇಡ, ಅಣ್ಣತಮ್ಮಂದಿರದೂ ಬೇಡ. ನಾವು ಬೆಡಗು, ಅಂದರೆ ವಂಶದ ಕವಲು, ಬೇರೆಯೇ ಎಂದು ನೋಡಿ ಹೆಣ್ಣು ಕೊಟ್ಟ ಹಾಗೆ. ನಾವಾದರೂ ಅಪ್ಪನ ಬೆಡಗು ಬೇರೆಯಾದರೆ ಸಾಕೆಂದು ಸೋದರಮಾವನಿಗೂ ಕೊಟ್ಟುಬಿಡುತ್ತೇವೆ. ಗುರೆಳ್ಳು ಎರಡೂ ಕಡೆಯದನ್ನು ನೋಡುತ್ತದೆ.

ಊರಿನಲ್ಲಿ ಐವತ್ತು ಗುರುತು ಇದ್ದಾಗ ಇದರಿಂದ ಯಾವ ತೊಂದರೆಯೂ ಇಲ್ಲ. ಅಪರೂಪದ ಗುರುತಿನ ಪರಾಗಕ್ಕಂತೂ ಎಲ್ಲ ಬಾಗಿಲೂ ತೆರೆದಿರುತ್ತವೆ. ಹಾಗಾಗಿ ಅದು ಬೇಗ ಹೆಚ್ಚುತ್ತದೆ. ಹೆಚ್ಚಾದಂತೆ ಮುಚ್ಚಿದ ಬಾಗಿಲುಗಳೂ ಹೆಚ್ಚಿ ತಾನೇ ಹತೋಟಿಗೆ ಬರುತ್ತದೆ. ಲಕ್ಷಾಂತರ ವರ್ಷ ಈ ತಕ್ಕಡಿ ಹೀಗೇ ತೂಗಿತ್ತು. ಆಮೇಲೆ ಮನುಷ್ಯರಿಗೆ ಶುದ್ಧ ಬೀಜದ ಹುಚ್ಚು ಹಿಡಿಯಿತು. ತಾಳೆಣ್ಣೆಯ ಹಡಗುಗಳು ಬರುವುದು ನಿಂತಮೇಲೆ ಹೆಚ್ಚು ಎಣ್ಣೆಯ ಗಿಡಗಳನ್ನೇ ಆರಿಸಿ, ಆರಿಸಿದ್ದರಲ್ಲೇ ಮತ್ತೆ ಆರಿಸಿ, ದೇಶಕ್ಕೆಲ್ಲ ಒಂದೇ ತಳಿ ಹಂಚಿದರು. ನಾಲ್ಕು ಗುರುತು ಉಳಿದಾಗ ಇಳುವರಿ ಮೂರರಲ್ಲೊಂದು ಪಾಲಿಗೆ ಬಂತು. ಬೀಜದ ತಾಕಿಗೆ ಬಿದ್ದ ರೋಗ ನಾಲ್ಕನೆಯದನ್ನೂ ಒಯ್ದಿತು. ಮೂರೇ ಗುರುತು ಇದ್ದು ಗಿಡಕ್ಕೆ ಎರಡೆರಡು ಬೇಕೆಂದರೆ, ಯಾವ ಎರಡು ಗಿಡಗಳನ್ನು ಎದುರು ನಿಲ್ಲಿಸಿದರೂ ಒಂದಾದರೂ ಕೂಡಿಯೇ ಕೂಡುತ್ತದೆ. ಅರವತ್ತು ಸಾವಿರ ಎಕರೆಯಲ್ಲಿ ಒಂದು ಗಿಡಕ್ಕೂ ಇನ್ನೊಂದು ಗಿಡದ ಜೊತೆ ಸಂಬಂಧ ಬೆಳೆಸುವ ಹಾಗಿರಲಿಲ್ಲ.

ಆ ಶುದ್ಧ ಬೀಜದ ಆಂದೋಲನವನ್ನು ಹನ್ನೊಂದು ವರ್ಷದ ಹಿಂದೆ ಹಳ್ಳಿಹಳ್ಳಿಗೆ ಒಯ್ದವಳು ದಾನಮ್ಮನೇ. ಸಭೆಯಲ್ಲಿ ಯಾರೂ ಅದನ್ನು ಎತ್ತಿ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

"ಮಂಜು ಹೊಡೆದರ ಹೂ ತನ್ನ ಗುರುತು ತಾನs ಮರೀತದ," ಎಂದರು ಇನಾಮದಾರ. "ತನ್ನ ಪರಾಗ ತಾನs ತಗೋತದ. ಇಪ್ಪತ್ತು ದಿವಸದಾಗ ಕಾಳು. ಮನಿಮನಿಗೆ ಎಣ್ಣಿ."

"ಮರೆವು ಬೀಜಕ್ಕೂ ಇಳೀತದ ಸರ್," ಎಂದಳು ದಾನಮ್ಮ. "ಗಾಜಿನಮನ್ಯಾಗ ನೋಡೀವಲ್ಲ. ಆರನೇ ತಲೆಮಾರಿಗೆ ಗಿಡ ಗೇಣುದ್ದ ಆದ್ವು. ಅರ್ಧ ಮೊಳಕೀನs ಒಡೀಲಿಲ್ಲ."

"ಆರು ತಲೆಮಾರು ಅಂದ್ರ ಆರು ವರ್ಷ ಊಟ, ಮೇಡಂ. ಅಷ್ಟರಾಗ ಬ್ಯಾರೆ ದಾರಿ ಹುಡುಕೂಣು."

"ಹುಡುಕಾಕ ಏನೂ ಉಳಿಯಂಗಿಲ್ಲ ಸರ್."

ಅದೂ ನಿಜವಾಗಿತ್ತು. ಮರೆತ ಗಿಡ ತನಗೂ ತಾನೇ ಗಂಡ, ಊರಿಗೂ ಗಂಡ. ತನ್ನ ಹೂವಿಗೆ ತಾನು ಕಾಳು ಕಟ್ಟುವುದಲ್ಲದೆ ಪಕ್ಕದ ಹೊಲದ ಹೂವಿಗೂ ಪರಾಗ ಕಳಿಸುತ್ತದೆ. ಕೆಲವೇ ವರ್ಷಗಳಲ್ಲಿ ನೆನಪಿರುವ ಗಿಡ ಹುಡುಕಿದರೂ ಸಿಗದು. ಒಮ್ಮೆ ಬಿಟ್ಟ ಮಂಜನ್ನು ಮರಳಿ ಸೀಸೆಗೆ ತುಂಬುವ ಉಪಾಯ ಇನಾಮದಾರರಲ್ಲೂ ಇರಲಿಲ್ಲ. ಆದರೆ ಜನ ಹಸಿದಿದ್ದರು. ಹಸಿದವರ ಮುಂದೆ ಆರನೇ ತಲೆಮಾರಿನ ಮಾತಾಡುವುದು ದಾನಮ್ಮನಿಗೂ ಸುಲಭವಿರಲಿಲ್ಲ.

ಕಾಯಿದೆಯೊಂದು ಅಡ್ಡ ಇತ್ತು. ತಲೆಮಾರಿಗೆ ಇಳಿಯುವ ಮಾರ್ಪಾಡನ್ನು ಬೆಳೆಗಾರರ ಒಪ್ಪಿಗೆ ಇಲ್ಲದೆ ಬಿಡುವಂತಿಲ್ಲ; ಒಂದು ಹಳ್ಳಿ ಬೇಡವೆಂದರೂ ನಿಲ್ಲಬೇಕು. ನಲವತ್ತೊಂದು ಹಳ್ಳಿಗಳ ಸಹಿ ಬಂದಿತ್ತು. ಉಳಿದದ್ದು ಕರಿಗುಡ್ಡ. ಅಲ್ಲಿನ ಬೆಳೆಗಾರರ ಸಂಘದ ಅಧ್ಯಕ್ಷೆ ನಿಂಬೆವ್ವ.

"ಆಕಿ ನಿಮ್ಮ ಸ್ವಂತ ಅಕ್ಕ ಅಂತ ಕೇಳೀನಿ," ಎಂದರು ಇನಾಮದಾರ, ಫೈಲು ಅವಳತ್ತ ಸರಿಸುತ್ತ. "ಬುಧವಾರ ಸಂಜೀ ಐದರೊಳಗ ಸಹಿ ಬೇಕು. ನೀವs ಹೋಗಿಬರ್ರಿ."

ಅಕ್ಕತಂಗಿಯರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತೆಂದು ಅವರಿಗೆ ಯಾರೂ ಹೇಳಿರಲಿಲ್ಲ. ದಾನಮ್ಮನೂ ಹೇಳಲಿಲ್ಲ.

ಮನೆಗೆ ಬಂದಾಗ ಅತ್ತೆ ಬಾಳವ್ವ ಪಡಸಾಲೆಯಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದಳು. ಗುರೆಳ್ಳ ಹಿಂಡಿ ಎಂಬ ಚಟ್ನಿಪುಡಿ ಇಲ್ಲ, ಎಣ್ಣೆ ಇಲ್ಲ. ಕೆಂಪು ಖಾರದ ಪುಡಿಗೆ ನೀರು ಕಲಸಿಕೊಂಡಿದ್ದಳು. ಮಗ್ಗುಲ ಕೋಣೆಯಲ್ಲಿ ದಾನಮ್ಮನ ಗಂಡ ಗುರುಪಾದನ ಗಾಣ ಎರಡು ತಿಂಗಳಿಂದ ಸದ್ದಿಲ್ಲದೆ ನಿಂತಿತ್ತು. ಅವನು ಕೆಲಸ ಹುಡುಕಿಕೊಂಡು ಸೊಲ್ಲಾಪುರದ ಕಡೆ ಹೋಗಿದ್ದ.

"ಖಾರಕ್ಕ ನೀರು!" ಎಂದಳು ಬಾಳವ್ವ. "ನನ್ನ ಜನ್ಮದಾಗ ಇದೊಂದು ಉಣ್ಣೂದು ಬಾಕಿ ಇತ್ತು ನೋಡು. ದಾನವ್ವ, ನಿಮ್ಮ ಆಫೀಸಿನ್ಯಾಗ ಅಷ್ಟು ಮಂದಿ ಓದಿದವರು ಅದೀರಿ, ಜೊಳ್ಳ ಯಾಕ ಆತು ಅಂತ ಒಬ್ಬರಿಗೂ ತಿಳೀಲಿಲ್ಲೇನು?"

"ತಿಳದೈತಿ ಅತ್ತಿ. ಎಲ್ಲಾ ಗಿಡ ಒಂದs ಮನೀವು ಆಗ್ಯಾವು."

"ಅಷ್ಟs ಅಲ್ಲ? ಅದನ್ನ ತಿಳಿಯಾಕ ಮಷೀನ್ ಬೇಕಾತೇನು?" ಬಾಳವ್ವ ರೊಟ್ಟಿಯ ತುಣುಕನ್ನು ತಟ್ಟೆಗೆ ಹಾಕಿದಳು. "ಬೀಜಕ್ಕೂ ಸೊಸಿ ತರಬೇಕವಾ. ನಮ್ಮ ಕಾಲದಾಗ ಮದಿವ್ಯಾಗಿ ಬರೋ ಹುಡುಗಿ ಉಡ್ಯಾಗ ತವರಿನ ಗುರೆಳ್ಳು ಒಂದು ಹಿಡಿ ಕಟ್ಟಿ ಕಳಸ್ತಿದ್ರು. ಮೊದಲ ಬಿತ್ತಿಗೀಗೆ ಆಕೀನs ಬೀಜದ ಬುಟ್ಟ್ಯಾಗ ಅದನ್ನ ಕಲಸ್ಬೇಕು. ಯಾಕಂತ ಯಾರೂ ಕೇಳ್ತಿರಲಿಲ್ಲ. ಹೊಸಾ ಸೊಸಿ ಬಂದ ವರ್ಷ ಕಾಳು ಹೆಚ್ಚು ಅಂತಿದ್ರು."

ದಾನಮ್ಮನ ಕೈ ನೀರಿನ ತಂಬಿಗೆಯ ಮೇಲೇ ನಿಂತಿತು. ಈ ಪದ್ಧತಿ ಅವಳಿಗೆ ಹೊಸದಲ್ಲ. ಹನ್ನೊಂದು ವರ್ಷದ ಹಿಂದೆ ಇದರ ಬಗ್ಗೆ ಬರೆದವಳೇ ಅವಳು. ವರದಿಯ ಏಳನೇ ಪುಟದಲ್ಲಿ, 'ಬೀಜದ ಬೆರಕೆಗೆ ಮುಖ್ಯ ಕಾರಣಗಳು' ಎಂಬ ಪಟ್ಟಿಯಲ್ಲಿ, ಮೊದಲನೆಯದಾಗಿ.

"ನೀ ತಂದ ಹಿಡಿ ನೆನಪೈತೇನು?" ಎಂದಳು ಬಾಳವ್ವ.

ಮರೆಯುವುದು ಹೇಗೆ? ಅವ್ವ ತವರೂರು ಹಂದರಾಳದ ಮನೆಯಲ್ಲಿ ಹಸಿರು ಕುಬಸದ ಚೂರಿನಲ್ಲಿ ಕಟ್ಟಿಕೊಟ್ಟಿದ್ದಳು. ದಾನಮ್ಮ ಆಗ ಕೇಂದ್ರಕ್ಕೆ ಸೇರಿ ಎರಡು ವರ್ಷ. ಬೆರಕೆ ಬೀಜ ಹೊಲಕ್ಕೆ ಬಿದ್ದೀತೆಂದು ಮದುವೆಯಾದ ಮೂರನೇ ದಿನವೇ ಅದನ್ನು ಬಾಣಲೆಗೆ ಹಾಕಿ, ಬೆಳ್ಳುಳ್ಳಿ ಕೂಡಿಸಿ, ಹಿಂಡಿ ಕುಟ್ಟಿಬಿಟ್ಟಳು. ಮನೆಮಂದಿಯೆಲ್ಲ ಚಪ್ಪರಿಸಿ ತಿಂದರು. ಆಮೇಲೆ ಅವ್ವ ಸತ್ತಳು. ಅಣೆಕಟ್ಟಿನ ಹಿನ್ನೀರು ಹಂದರಾಳವನ್ನು ನುಂಗಿತು. ಊರಿನವರು ಹತ್ತು ದಿಕ್ಕಿಗೆ ಹೋಗಿ, ಹೋದಲ್ಲೆಲ್ಲ ಕೇಂದ್ರ ಕೊಟ್ಟ ಚೀಲದ ಬೀಜವನ್ನೇ ಬಿತ್ತಿದರು. ಹಂದರಾಳದ ಹೊಲಗಳಲ್ಲಿ ಎಷ್ಟು ಗುರುತುಗಳಿದ್ದವೋ, ಈಗ ಲೆಕ್ಕ ಹಾಕಲು ಮೀನುಗಳನ್ನು ಕೇಳಬೇಕು.

"ಅವತ್ತ ನೀವು ಬೈಬೇಕಿತ್ತು ಅತ್ತಿ."

"ಬೈದಿದ್ರ ಕೇಳ್ತಿದ್ದೇನು?"

"ಇಲ್ಲ," ಎಂದಳು ದಾನಮ್ಮ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಅವಳದು ಅದೇ ಗತಿ. ಊಟದ ತಟ್ಟೆಯ ಮುಂದೆ ಕೂತು ಅತ್ತಳು. ಬಾಳವ್ವ ಸಮಾಧಾನ ಮಾಡಲು ಹೋಗಲಿಲ್ಲ. ತನ್ನ ತಟ್ಟೆಯಿಂದ ಖಾರದ ನೀರಿನಲ್ಲಿ ಸ್ವಲ್ಪ ಸೊಸೆಯ ರೊಟ್ಟಿಗೆ ಸುರಿದಳು.

ಬುಧವಾರ ಬೆಳಿಗ್ಗೆ ದಾನಮ್ಮ ಕರಿಗುಡ್ಡಕ್ಕೆ ಹೊರಡುವ ಮುಂಚೆ ನಿಯಂತ್ರಣ ಕೊಠಡಿಗೆ ಹೋದಳು. ಮೇಲಿಂದ ತೆಗೆದ ಹೊಲಗಳ ಚಿತ್ರ ಪರದೆಯ ಮೇಲಿತ್ತು. ಕಾಳು ತುಂಬಿದ ಹೂವಿನ ತಲೆ ಬೇಗ ಕಾಯುವುದಿಲ್ಲ, ಬೇಗ ಆರುವುದೂ ಇಲ್ಲ. ಶಾಖ ಅಳೆಯುವ ಕ್ಯಾಮೆರಾಕ್ಕೆ ಅದು ಕಪ್ಪಗೆ ಕಾಣುತ್ತದೆ, ಜೊಳ್ಳು ಬಿಳಿಚಿಕೊಂಡಿರುತ್ತದೆ. ನಲವತ್ತೆರಡು ಹಳ್ಳಿಗಳೂ ಬಿಳಿಚಿಕೊಂಡಿದ್ದವು. ಕರಿಗುಡ್ಡದ ದಾರಿ ನೋಡಿಕೊಳ್ಳೋಣವೆಂದು ಚಿತ್ರವನ್ನು ಹಿಗ್ಗಿಸಿದಳು.

ಊರಿನ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ.

ಯಂತ್ರದ ದೋಷವಿರಬೇಕು ಎಂದುಕೊಂಡು ಹಿಂದಿನ ದಿನದ ಚಿತ್ರ ತೆಗೆದಳು. ಅಲ್ಲೂ ಇತ್ತು. ಅದರ ಹಿಂದಿನ ದಿನದ್ದರಲ್ಲಿ ಸ್ವಲ್ಪ ಚಿಕ್ಕದಾಗಿ ಇತ್ತು. ಇನ್ನೂ ಹಿಗ್ಗಿಸಿದಾಗ ಚುಕ್ಕೆ ವರ್ತುಲವಾಯಿತು. ನಡುವೆ ದಟ್ಟ, ಅಂಚಿಗೆ ಬಂದಂತೆ ವಿರಳ, ಎಂಬತ್ತು ಮೀಟರಿಗೆ ಮುಗಿಯುತ್ತಿತ್ತು. ಇದು ಮಣ್ಣಿನ ಗುಣವಲ್ಲ, ನೀರಿನ ಗುಣವೂ ಅಲ್ಲ. ಮಣ್ಣಿಗೆ ಇಷ್ಟು ದುಂಡಗೆ ಬರೆಯಲು ಬರುವುದಿಲ್ಲ. ವರ್ತುಲದ ನಡುವೆ ಯಾವುದೋ ಗಿಡ ನಿಂತಿದೆ. ಅದರ ಗುರುತು ಈ ಹೊಲಗಳಿಗೆ ಪರಕೀಯ. ಜೇನುಹುಳು ಅದರ ಪರಾಗವನ್ನು ಎಲ್ಲೆಲ್ಲಿ ಒಯ್ದಿದೆಯೋ ಅಲ್ಲೆಲ್ಲ ಬಾಗಿಲು ತೆರೆದಿದೆ. ವರ್ತುಲದ ನಡುವೆ ಇದ್ದದ್ದು ಒಂದು ಮನೆಯ ಹಿತ್ತಲು.

ದಾನಮ್ಮ ತೋರಿಸಿದ ಚಿತ್ರವನ್ನು ಇನಾಮದಾರ ಬಹಳ ಹೊತ್ತು ನೋಡಿದರು. ಅವರು ಕೆಟ್ಟವರಲ್ಲ. ಕಣ್ಣಲ್ಲಿ ಒಂದು ಗಳಿಗೆ ಹುಡುಗನ ಉತ್ಸಾಹ ಬಂದು ಹೋಯಿತು.

"ಭಾಳ ಚಂದ ಅದ," ಎಂದರು. "ಎಷ್ಟು ವರ್ಷ ಬೇಕು?"

"ಮುಂದಿನ ವರ್ಷ ಕರಿಗುಡ್ಡ. ಮೂರನೇ ವರ್ಷ ಹತ್ತು ಹನ್ನೆರಡು ಹಳ್ಳಿ. ಅಪರೂಪದ ಗುರುತು ಓಡ್ತದ ಸರ್, ನಾಕನೇ ವರ್ಷಕ್ಕ ಎಲ್ಲಾ ಕಡೆ ಮುಟ್ತದ."

"ಈ ವರ್ಷ?"

ದಾನಮ್ಮ ಚಿತ್ರವನ್ನು ಕುಗ್ಗಿಸಿದಳು; ಚುಕ್ಕೆಯ ಸುತ್ತ ಬಿಳಿಯೇ ಬಿಳಿ.

"ಈ ವರ್ಷ ಜನ ಏನು ತಿನ್ನಬೇಕು, ಮೇಡಂ?"

"ಕರಿಗುಡ್ಡ ಒಂದನ್ನ ಬಿಟ್ಟು ಮಂಜು ಹೊಡಿಯೂಣ್ರಿ."

"ಹುಳಕ್ಕ ಬೇಲಿ ಹಾಕ್ತೀರೇನು?"

"ಆ ಗಿಡಾನ ಬಲೆಮನ್ಯಾಗ ಇಟ್ಟು—"

"ಇಟ್ಟು? ಎಂದೋ ಒಂದು ದಿವಸ ಹೊರಗ ತರಬೇಕಲ್ಲ. ಹೊರಗ ತಂದ ದಿವಸ ಮರೆತ ಪರಾಗ ಅದನ್ನ ನುಂಗತದ. ನೀವs ನನಗ ಹೇಳಿದ ಮಾತು ಇದು." ಅವರು ಗಡಿಯಾರ ನೋಡಿದರು. "ಹೋಗ್ರಿ. ಐದರೊಳಗ ಸಹಿ."

ಕರಿಗುಡ್ಡ ಮುಟ್ಟುವ ಹೊತ್ತಿಗೆ ಎರಡೂವರೆ. ದಾನಮ್ಮ ಕಾರು ಊರ ಹೊರಗೇ ನಿಲ್ಲಿಸಿ ಹೊಲದ ಬದುವಿನ ಮೇಲೆ ನಡೆದಳು. ಎಡಕ್ಕೆ ಸಿಕ್ಕ ಹೂವನ್ನು ತಿಕ್ಕಿದಳು: ಜೊಳ್ಳು. ಐವತ್ತು ಹೆಜ್ಜೆ ಮುಂದೆ: ಜೊಳ್ಳು. ಇನ್ನು ಮೂವತ್ತು ಹೆಜ್ಜೆ ಹೋಗಿ ತಿಕ್ಕಿದಾಗ ಅಂಗೈಯಲ್ಲಿ ಎರಡು ಕಾಳು ಉಳಿದವು. ಗಟ್ಟಿ, ಕಪ್ಪು ಕಾಳು. ಮುಂದಿನ ಹೂವಿನಲ್ಲಿ ಏಳು. ಅವಳು ಓಡತೊಡಗಿದಳು. ಸೀರೆ ಮೊಣಕಾಲಿಗೆ ಸುತ್ತಿಕೊಂಡರೂ ಲೆಕ್ಕಿಸಲಿಲ್ಲ.

ಹಿತ್ತಲಿನ ಕಲ್ಲುಗೋಡೆಯ ಒಳಗೆ, ಬಚ್ಚಲ ನೀರು ಹರಿಯುವ ಕಡೆ, ಹನ್ನೊಂದು ಗುರೆಳ್ಳಿನ ಗಿಡಗಳಿದ್ದವು. ಒಂದು ಎದೆಯುದ್ದ, ಒಂದು ಸೊಂಟದುದ್ದ. ಒಂದರ ಹೂ ಅಗಲ, ಇನ್ನೊಂದರದು ಚಿಕ್ಕದು. ಕೇಂದ್ರದ ಕಣ್ಣಿಗೆ ಅಪ್ಪಟ ಬೆರಕೆ. ದಾನಮ್ಮ ಪರಾಗ ಓದುವ ಅಂಗೈಯಗಲದ ಯಂತ್ರವನ್ನು ಮೊದಲ ಹೂವಿಗೆ ಹಿಡಿದಳು. ಅದಕ್ಕೆ ಗೊತ್ತಿದ್ದದ್ದು ಒಂದು, ಎರಡು, ಮೂರು ಮಾತ್ರ. ಅದು ಗಿರಗಿರನೆ ಯೋಚಿಸಿ 'ಗೊತ್ತಿಲ್ಲ' ಎಂದಿತು. ಎರಡನೇ ಗಿಡಕ್ಕೂ 'ಗೊತ್ತಿಲ್ಲ'. ಹನ್ನೊಂದು ಗಿಡ ಮುಗಿಯುವಷ್ಟರಲ್ಲಿ ಅದಕ್ಕೆ ಗೊತ್ತಿಲ್ಲದ ಬೇರೆಬೇರೆ ಗುರುತುಗಳು ಐದಾದವು. ಜೀವಮಾನದಲ್ಲಿ ದಾನಮ್ಮ ಇಷ್ಟು ಪ್ರೀತಿಯಿಂದ ಓದಿದ ಮಾತು ಇನ್ನೊಂದಿಲ್ಲ.

"ಕೀಳಾಕ ಬಂದಿಯೇನು ಮತ್ತ?"

ಹಿತ್ತಲ ಬಾಗಿಲಲ್ಲಿ ನಿಂಬೆವ್ವ ನಿಂತಿದ್ದಳು. ತಲೆ ಅರ್ಧ ನರೆತಿತ್ತು. ದನಿ ಮಾತ್ರ ಅದೇ.

"ಇಲ್ಲಕ್ಕ."

"ಹಂಗಾರ ಸಹೀಗೆ ಬಂದಿ. ಕೊಡು, ಮಾಡ್ತೀನಿ. ಮುಂಚೀಕಡೆ ಕಟ್ಟಿ ಮ್ಯಾಲೆ ಎಲ್ಲಾರೂ ಕಾದು ಕುಂತಾರ."

ದಾನಮ್ಮ ಅಂದುಕೊಂಡಿದ್ದೇ ಬೇರೆ. ಅಕ್ಕ ಜಗಳಕ್ಕೆ ನಿಂತಾಳು, ಸಹಿ ಮಾಡಲಾರೆ ಎಂದಾಳು, ಆಗ ತಾನು ಕಾರಣ ವಿವರಿಸದೆಯೇ ಸುಮ್ಮನೆ ಹಿಂದಿರುಗಬಹುದು ಎಂದು ದಾರಿಯುದ್ದಕ್ಕೂ ಎಣಿಸಿದ್ದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಿಂಬೆವ್ವ ಆಗಲೇ ಕುಬಸದೊಳಗಿಂದ ಪೆನ್ನು ತೆಗೆದಿದ್ದಳು.

"ಸಹಿ ಮಾಡಬ್ಯಾಡಕ್ಕ."

"ಏನಂದಿ?"

"ಈ ಗಿಡ ಹಂದರಾಳದವು. ಅವ್ವ ನಿನಗ ಕಟ್ಟಿದ ಹಿಡೀವು. ಇಡೀ ನಾಡಿನ್ಯಾಗ ಇಲ್ಲದ ಐದು ಗುರುತು ಈ ಹಿತ್ತಲದಾಗ ಅದಾವು. ನಾಳೆ ಮಂಜು ಹೊಡದ್ರ ಇವೂ ಹೋಗತಾವು, ಮುಂದೆಂದೂ ಬರಂಗಿಲ್ಲ."

ನಿಂಬೆವ್ವ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. "ಹನ್ನೊಂದು ವರ್ಷದ ಹಿಂದ ಇದs ಗಿಡ ನನ್ನ ಎರಡೆಕರೆದಾಗ ಇದ್ದಾಗ ಏನಂದಿದ್ದಿ? ಬೆರಕಿ ಅಂದಿ. ನಿಮ್ಮ ಮಂದಿ ಬಂದು ಹೂವಿನ ಸಮೇತ ಕಿತ್ತರು. ನನ್ನ ಗಂಡ ಕೈ ಮುಗದು ನಿಂತಿದ್ದ. ಊರ ಸಭಾದಾಗ ಅವನ ಹೆಸರು ಓದಿದ್ರಿ, ಕಳ್ಳನ ಹೆಸರು ಓದಿದಂಗ. ಆ ಕಾಗದದ ಮ್ಯಾಲೆ ಸಹಿ ಯಾರದಿತ್ತು?"

"ನಂದು."

"ಓದಾಕ ಬರ್ತಿತ್ತು ನನಗ. 'ದಾನಮ್ಮ' ಅಂತ ಮುತ್ತಿನಂಗ ಬರದಿದ್ದಿ. ಅಕ್ಷರ ಕಲಿಸಿದಾಕಿ ನಾನs."

"ಮತ್ತ ಇವನ್ಯಾಕ ಉಳಿಸಿದಿ ಅಕ್ಕ?"

"ಕಿತ್ತು ಒಗದ ಗಿಡ ಒಣಗಿ ಕಾಳು ಉದುರಿದ್ವು. ಬಳಕೊಂಡು ಬಂದು ಹಿತ್ತಲದಾಗ ಹಾಕಿದ್ನಿ. ತವರಿನ ಮ್ಯಾಲಿನ ಅಕ್ಕರ್ತಿಗೆ ಅಂತ ತಿಳಕೋಬ್ಯಾಡ. ನಿನ್ನ ಮ್ಯಾಲಿನ ಸಿಟ್ಟಿಗೆ. ವರ್ಷಾ ಹೂ ಬಿಟ್ಟಾಗೊಮ್ಮೆ ನಿನ್ನ ಬೈಬೇಕು ಅಂತ."

ಕಲ್ಲುಗೋಡೆಯ ಆಚೆ ಜೇನುಹುಳುಗಳ ಸದ್ದು ಒಂದೇ ಸಮನೆ ಇತ್ತು. ದಾನಮ್ಮ ಹೇಳಲೇಬೇಕಾದದ್ದನ್ನು ಹೇಳಿದಳು.

"ಅವ್ವ ನನಗ ಕಟ್ಟಿದ ಹಿಡೀನ ನಾ ಹುರದು ತಿಂದ್ನಿ ಅಕ್ಕ. ಹಿಂಡಿ ಮಾಡಿದ್ನಿ."

ನಿಂಬೆವ್ವ ಅವಳ ಮುಖವನ್ನು ದಿಟ್ಟಿಸಿದಳು. "ಹ್ಯಾಂಗಿತ್ತು?"

"ಚಲೋ ಇತ್ತು."

ಅಕ್ಕ ಪೆನ್ನನ್ನು ಮತ್ತೆ ಕುಬಸದೊಳಗೆ ಸಿಕ್ಕಿಸಿದಳು. "ಬಾ," ಎಂದಳು ನಿಂಬೆವ್ವ. "ನನ್ನ ಮುಂದ ಹೇಳಿದ್ದನ್ನ ಅವರ ಮುಂದ ಹೇಳು. ಹಸಿದು ಕುಂತವರು ಅವರು. ನಾ ಒಬ್ಬಾಕಿ ಬ್ಯಾಡ ಅನ್ನಾಕ ಬರಂಗಿಲ್ಲ."

ಕಟ್ಟೆಯ ಮೇಲೆ ನಲವತ್ತು ಜನ ಇದ್ದರು, ಹೆಚ್ಚಿನವರು ಹೆಂಗಸರು. ದಾನಮ್ಮ ನಿಂತೇ ಮಾತಾಡಿದಳು. ಗುರುತು, ಬಾಗಿಲು, ಬೆಡಗು, ಎಲ್ಲವನ್ನೂ ಹೇಳಿದಳು. ಆರನೇ ತಲೆಮಾರಿನ ಗೇಣುದ್ದದ ಗಿಡಗಳನ್ನೂ ಹೇಳಿದಳು. ಹಿಡಿ ಬೀಜ ಕಲಸುವುದನ್ನು ಬಿಡಿಸಿದ್ದು ತಪ್ಪು, ಆ ತಪ್ಪು ತನ್ನದು ಎಂದೂ ಹೇಳಿದಳು. ಹೇಳುವಾಗ ತಲೆ ತಗ್ಗಿಸಲಿಲ್ಲ.

ಮೊದಲ ಸಾಲಿನಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಸಕ್ರೆವ್ವ ಎಂಬವಳು ಕೇಳಿದಳು: "ಬಾಯಾರ, ಎಲ್ಲಾ ಖರೆ. ಮಂಜು ಬ್ಯಾಡ ಅಂದ್ರ ಈ ವರ್ಷ ನಮಗ ಕಾಳು ಎಷ್ಟು?"

ಹತ್ತರಲ್ಲೊಂದು ಪಾಲು ಎನ್ನಬಹುದಿತ್ತು. ಯಾರೂ ಅಳೆದು ನೋಡುತ್ತಿರಲಿಲ್ಲ. ಮಧ್ಯಾಹ್ನ ನಾಲ್ಕೂ ಕಾಲಾಗಿತ್ತು. ಒಂದು ಸಣ್ಣ ಸುಳ್ಳಿಗೆ ಹೊತ್ತು ಹದವಾಗಿತ್ತು.

"ಇಲ್ಲ," ಎಂದಳು ದಾನಮ್ಮ. "ಈ ಹಿತ್ತಲದ ಸುತ್ತ ಸಿಗೂ ಕಾಳು ಬೀಜಕ್ಕs ಬೇಕು. ತಿನ್ನಾಕ ಒಂದು ಸೇರೂ ಇಲ್ಲ. ಬಾಕಿ ನಲವತ್ತೊಂದು ಹಳ್ಳಿಗೂ ಇಲ್ಲ."

ಗದ್ದಲ ಎದ್ದಿತು. "ನಿಮ್ಮ ತಪ್ಪಿಗೆ ನಾವ್ಯಾಕ ಉಪಾಸ ಬೀಳೂಣು?" ಎಂದು ಹಿಂದಿನಿಂದ ಯಾರೋ ಕೂಗಿದರು. "ಸಹಿ ಮಾಡಬೇ ನಿಂಬೆವ್ವ!" ಎಂದರು ಇನ್ಯಾರೋ. ಮುದುಕನೊಬ್ಬ ಎದ್ದು ನಿಂತು, ತನ್ನ ಹೆಂಡತಿ ಬಂದ ವರ್ಷ ಎಕರೆಗೆ ಮೂರು ಚೀಲ ಆಗಿತ್ತೆಂದು ಹೇಳಹೊರಟ, ಅವನನ್ನು ಕೂರಿಸಿದರು. ಸಕ್ರೆವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತಳು. ಆಮೇಲೆ, "ಇದು ಆರು ವರ್ಷಕ್ಕ ಸಾಲಿಗೆ ಹೋಗತೈತಿ," ಎಂದಳು. "ಅವತ್ತ ಇದಕ ಏನ್ ಉಣಸ್ಲಿ? ಈ ವರ್ಷ ನಾ ಹ್ಯಾಂಗರ ಕಳೀತೀನಿ. ಮಂಜು ಬ್ಯಾಡ."

ಗದ್ದಲ ಒಮ್ಮೆಲೇ ನಿಲ್ಲಲಿಲ್ಲ, ಆದರೆ ಕುಂದಿತು. ನಿಂಬೆವ್ವ ಕೈ ಎತ್ತಿಸಿದಳು. ಮಂಜು ಬೇಕೆಂದವರು ಹದಿನೆಂಟು ಮಂದಿ, ಬೇಡವೆಂದವರು ಇಪ್ಪತ್ತೆರಡು. ನಾಲ್ಕೂ ನಲವತ್ತಾಗಿತ್ತು.

ನಮೂನೆಯ ಕೆಳಭಾಗದಲ್ಲಿ 'ನಿರಾಕರಣೆ' ಎಂದಿತ್ತು. ಅದಕ್ಕೆ ಅಧ್ಯಕ್ಷರ ಸಹಿ ಸಾಲದು; ಕಾರಣ ಬರೆದು ತಜ್ಞರೊಬ್ಬರು ಹೆಸರು ಹಾಕಬೇಕು. ನಿಂಬೆವ್ವ ತನ್ನ ಸಹಿ ಹಾಕಿ ಕಾಗದವನ್ನು ತಂಗಿಯತ್ತ ತಿರುಗಿಸಿದಳು. ಕೇಂದ್ರದ ವಿರುದ್ಧ ಕೇಂದ್ರದವಳೇ ಬರೆದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಗುರುಪಾದನ ಗಾಣ ನಿಂತಿತ್ತು, ಮನೆಗೆ ಬರುತ್ತಿದ್ದದ್ದು ಇವಳ ಸಂಬಳ ಒಂದೇ. ದಾನಮ್ಮ ಕಾರಣ ಬರೆದಳು, ಐದು ಸಾಲು. ಕೆಳಗೆ ಹೆಸರು ಬರೆದಳು. ಈ ಸಲ ಅಕ್ಷರ ಮುತ್ತಿನಂತೆ ಬರಲಿಲ್ಲ.

ಕಾಗದದ ಚಿತ್ರ ಕಳಿಸಿದ ಮೂರು ನಿಮಿಷಕ್ಕೆ ಫೋನು ಬಂತು. ಇನಾಮದಾರ ಕೂಗಾಡಲಿಲ್ಲ. "ಡ್ರೋನ್ ನಿಲ್ಲಿಸೀನಿ," ಎಂದರು. "ನಲವತ್ತೆರಡು ಹಳ್ಳಿ ಉಪಾಸ ನಿಮ್ಮ ಹೆಸರಿನ ಮ್ಯಾಲೆ, ಮೇಡಂ. ನಾಳಿಂದ ಬರೂದು ಬ್ಯಾಡ." ಫೋನು ಇಡುವ ಮುಂಚೆ, "ಐದು ಗುರುತು ಖರೇನೇನು?" ಎಂದು ಕೇಳಿದರು.

"ಖರೆ ಸರ್."

ಅವರು ಫೋನು ಇಟ್ಟರು.

ಹೂವಿನ ಕಾಲ ಇನ್ನು ಒಂಬತ್ತೇ ದಿನ. ಹುಳುವನ್ನೇ ನಂಬಿ ಕೂರುವ ಹಾಗಿರಲಿಲ್ಲ. ಸಂಜೆಯ ಬಿಸಿಲಲ್ಲೇ ಹೆಂಗಸರು ಗೋಣಿಚೀಲ ಸುತ್ತಿಕೊಂಡು ಹೊಲಕ್ಕಿಳಿದರು. ಹಿತ್ತಲಿನ ಹೂಗಳನ್ನು ಒಂದೊಂದಾಗಿ ಬಿಡಿಸಿ, ಅವುಗಳ ಮುಖವನ್ನು ಹೊಲದ ಹೂಗಳ ಮುಖಕ್ಕೆ ಮೆಲ್ಲಗೆ ಮುಟ್ಟಿಸುತ್ತ ಹೋಗಬೇಕು. ಒಂದು ಹೂವಿಗೆ ಮೂವತ್ತು ಹೂ. ಬೇಕೆಂದು ಕೈ ಎತ್ತಿದ್ದ ಹದಿನೆಂಟರಲ್ಲೂ ಏಳೆಂಟು ಮಂದಿ ಬಂದಿದ್ದರು, ಬಾಯಿ ಮಾತ್ರ ಬಿಗಿದುಕೊಂಡಿದ್ದರು. ದಾನಮ್ಮ ಅಕ್ಕನ ಪಕ್ಕದ ಸಾಲು ಹಿಡಿದಳು. ಅರ್ಧ ಗಂಟೆಯಲ್ಲಿ ಬೆನ್ನು ಹಿಡಿದುಕೊಂಡಿತು. ಅವಳ ತಲೆಯಲ್ಲಿ ನಲವತ್ತೆರಡು ಹಳ್ಳಿಗಳ ಒಲೆಗಳು ಒಂದರ ಹಿಂದೊಂದು ಬರುತ್ತಿದ್ದವು. ಗೆದ್ದೆ ಎನ್ನುವ ಸಂತೋಷ ಎಲ್ಲೂ ಇರಲಿಲ್ಲ, ಬರೀ ಭಯವಿತ್ತು.

"ಅಕ್ಕ," ಎಂದಳು ತಡೆಯಲಾರದೆ, "ಎಣ್ಣಿ ಇಲ್ಲದ ಈ ವರ್ಷ ಇಷ್ಟು ಮಂದಿ ಹ್ಯಾಂಗ ಕಳೀತೀರಿ?"

ನಿಂಬೆವ್ವ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಹೂವನ್ನು ಇನ್ನೊಂದಕ್ಕೆ ಮುಟ್ಟಿಸಿ ಮುಂದಿನದಕ್ಕೆ ಹೋದಳು.

"ಬೈಕೋತ ಕಳೀತೀವಿ," ಎಂದಳು. "ನೀ ಇಲ್ಲೇ ಇರು. ಬೈಸ್ಕೊಳ್ಳಾಕ ಒಬ್ರು ಬೇಕಲ್ಲ."